ಎಂಜಿನ್ ನಿಂತ ಮೇಲೆ ಎದುರಿಗಿರುವ ಹೊಲ

ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರವರಿ 27ರಂದು ವಿಮಾನ ನಿಲ್ದಾಣ ಉದ್ಘಾಟನೆಗೊಂಡ ಮೇಲೆ ನಮ್ಮ ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಕಡೆಯ ಮನೆಗಳಲ್ಲಿ ಹೊಸದೊಂದು ಆಸೆ ಚಿಗುರಿದೆ. "ಮೇಷ್ಟ್ರೇ, ಹುಡುಗನನ್ನು ಪೈಲಟ್ ಮಾಡಬೇಕು ಅಂತಿದ್ದೀವಿ, ನಿಮ್ಮ ಅಭಿಪ್ರಾಯ ಏನು?" ಎಂದು ಕೇಳಿಕೊಂಡು ಬರುವ ಹಳೆಯ ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚುತ್ತಿದೆ. ಅಡಿಕೆಗೆ ಒಳ್ಳೆಯ ಬೆಲೆ ಬಂದ ವರ್ಷ ಚನ್ನಗಿರಿಯವರು ಕೇಳುತ್ತಾರೆ. ಜಗಳೂರಿನವರು ಕೇಳುವಾಗ ಅದರ ಹಿಂದೆ ಜಮೀನು ಮಾರುವ ಅಥವಾ ಬ್ಯಾಂಕಿನ ಸಾಲ ಮಾಡುವ ಆಲೋಚನೆ ಇರುತ್ತದೆ. ತರಬೇತಿಗೆ ಹತ್ತಾರು ಲಕ್ಷ ರೂಪಾಯಿ ಬೇಕು. ಆದ್ದರಿಂದ ಅವರ ಪ್ರಶ್ನೆಗಳೆಲ್ಲ ಶುಲ್ಕ, ಹಾಸ್ಟೆಲು, ನೌಕರಿ ಇವುಗಳ ಸುತ್ತಲೇ ಸುತ್ತುತ್ತವೆ. ಅವರು ಕೇಳದೆ ಬಿಡುವ ಒಂದು ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದುದೆಂದು ನನ್ನ ಅಭಿಪ್ರಾಯ. ಆ ಪ್ರಶ್ನೆಯನ್ನು ಕುರಿತೇ ಈ ಲೇಖನ.

ವಾಣಿಜ್ಯ ಪೈಲಟ್ ಪರವಾನಗಿಗೆ ನಮ್ಮ ದೇಶದಲ್ಲಿ 200 ಗಂಟೆಗಳ ಹಾರಾಟ ಆಗಬೇಕು. ಅದರ ಬಹುಭಾಗ ನಡೆಯುವುದು ಎರಡು ಅಥವಾ ನಾಲ್ಕು ಆಸನಗಳ ಪುಟ್ಟ ವಿಮಾನಗಳಲ್ಲಿ. ಹಿಂದೆ ಬೆಂಗಳೂರಿನ ಎಚ್.ಎ.ಎಲ್. ನಿರ್ಮಿಸಿದ, 1958ರಲ್ಲಿ ಮೊದಲ ಬಾರಿ ಹಾರಿದ 'ಪುಷ್ಪಕ್' ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲೆಲ್ಲ ಇತ್ತು. ಮುಂದೆ ಬೆಂಗಳೂರಿನದೇ ಎನ್.ಎ.ಎಲ್. ಸಂಸ್ಥೆಯ 'ಹಂಸ' ಬಂತು. ಸೆಸ್ನಾ, ಟೆಕ್ನಾಮ್ ಮೊದಲಾದ ವಿದೇಶಿ ವಿಮಾನಗಳೂ ಇವೆ. ರವಿವಾರದ ವಿನೋದಕ್ಕಾಗಿ ಹಾರುವ ಶ್ರೀಮಂತರೂ, ಹೊಟ್ಟೆಪಾಡಿಗಾಗಿ ಕಲಿಯುವ ನಮ್ಮ ಹುಡುಗರೂ ಏರುವುದು ಒಂದೇ ಜಾತಿಯ ವಿಮಾನವನ್ನು. ಇವುಗಳಲ್ಲಿ ಬಹುತೇಕ ಎಲ್ಲಕ್ಕೂ ಇರುವುದು ಒಂದೇ ಎಂಜಿನ್.

ಆ ಒಂದೇ ಎಂಜಿನ್ ನಿಂತರೇನು ಗತಿ? ಐದು ಸಾವಿರ ಅಡಿಯ ಮೇಲಿದ್ದಾಗ ನಿಂತರೆ ಅಂಥ ಗಾಬರಿಯಿಲ್ಲ. ಎಂಜಿನ್ ನಿಂತ ಕೂಡಲೇ ವಿಮಾನ ಕಲ್ಲಿನಂತೆ ಬೀಳುತ್ತದೆ ಎಂಬುದು ತಪ್ಪು ತಿಳುವಳಿಕೆ. ಸೆಸ್ನಾ 172 ವಿಮಾನ ಎಂಜಿನ್ ಇಲ್ಲದೆಯೂ ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಅಡಿ ಮುಂದೆ ತೇಲಬಲ್ಲದು. ಎತ್ತರವಿದ್ದರೆ ಸಮಯವಿದೆ, ಸಮಯವಿದ್ದರೆ ಜಾಗ ಹುಡುಕಬಹುದು. ನಿಜವಾದ ಕಂಟಕ ನೆಲ ಬಿಟ್ಟ ಮೊದಲ ನಿಮಿಷದ್ದು. ಆಗ ಎತ್ತರವೂ ಇಲ್ಲ, ವೇಗವೂ ಇಲ್ಲ, ಮೂಗು ಮೇಲಕ್ಕೆತ್ತಿದೆ, ಎಂಜಿನ್ ತನ್ನ ಪೂರ್ಣ ಶಕ್ತಿಯಲ್ಲಿ ದುಡಿಯುತ್ತಿದೆ. ಇಂಧನದಲ್ಲಿ ನೀರು ಬೆರೆತಿದ್ದರೆ, ಟ್ಯಾಂಕಿನ ಕೀಲು ಸರಿಯಾದ ಸ್ಥಾನದಲ್ಲಿ ಇಲ್ಲದಿದ್ದರೆ, ಒಳಗಿನ ಯಾವುದೋ ಭಾಗ ಸವೆದು ಮುರಿಯುವ ಸ್ಥಿತಿಯಲ್ಲಿದ್ದರೆ, ಅದು ಹೊರಬೀಳುವುದಕ್ಕೆ ಇದಕ್ಕಿಂತ ಪ್ರಶಸ್ತವಾದ ಗಳಿಗೆ ಬೇರೆ ಇಲ್ಲ.

ನೀರಿನ ವಿಷಯ ಸ್ವಲ್ಪ ಹೇಳಬೇಕು. ರಾತ್ರಿ ಅರ್ಧ ತುಂಬಿದ ಟ್ಯಾಂಕಿನ ಒಳಗೋಡೆಯ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ. ನೀರು ಪೆಟ್ರೋಲಿಗಿಂತ ಭಾರ, ಆದ್ದರಿಂದ ತಳಕ್ಕಿಳಿಯುತ್ತದೆ. ಎಂಜಿನ್ನಿಗೆ ಇಂಧನ ಹೋಗುವುದೂ ತಳದಿಂದಲೇ. ಹೀಗಾಗಿ ಹಾರುವ ಮುನ್ನ ಪ್ರತಿಸಲವೂ ಟ್ಯಾಂಕಿನ ತಳದಿಂದ ಒಂದು ಚಿಕ್ಕ ಪಾರದರ್ಶಕ ಲೋಟಕ್ಕೆ ಇಂಧನ ಬಸಿದು ಬೆಳಕಿಗೆ ಹಿಡಿದು ನೋಡುವುದು ನಿಯಮ. ಈ ಇಂಧನಕ್ಕೆ ನೀಲಿ ಬಣ್ಣ ಬೆರೆಸಿರುತ್ತಾರೆ, ನೀರಿದ್ದರೆ ಅಡಿಯಲ್ಲಿ ಬಣ್ಣವಿಲ್ಲದ ಪದರ ಕಾಣುತ್ತದೆ. ಎಂಟನೆಯ ತರಗತಿಯ ಸಾಂದ್ರತೆಯ ಪಾಠ ಇಷ್ಟೇ! ಆ ಪಾಠವನ್ನು ಪ್ರತಿದಿನ ಬೆಳಿಗ್ಗೆ ಬೇಸರವಿಲ್ಲದೆ ಮಾಡುವ ಶಿಷ್ಯ ಸಿಗುವುದು ಕಷ್ಟ.

ಇನ್ನು ಎಂಜಿನ್ ನಿಂತೇ ಹೋಯಿತು ಎನ್ನೋಣ. ಪೈಲಟ್‌ನ ಮನಸ್ಸು ಏನು ಹೇಳುತ್ತದೆ? ಈಗತಾನೇ ಬಿಟ್ಟು ಬಂದ ರನ್‌ವೇ ಬೆನ್ನ ಹಿಂದೆಯೇ ಇದೆ, ತಿರುಗಿ ಅಲ್ಲಿಗೇ ಹೋಗು ಎನ್ನುತ್ತದೆ. ಇಂಗ್ಲಿಷಿನಲ್ಲಿ ವಿಮಾನದವರು ಇದಕ್ಕೆ 'ಅಸಾಧ್ಯ ತಿರುವು' ಎಂದು ಹೆಸರಿಟ್ಟಿದ್ದಾರೆ. ಏಕೆ ಅಸಾಧ್ಯ ಎಂಬುದನ್ನು ಕಪ್ಪುಹಲಗೆಯ ಮೇಲೆ ಐದು ನಿಮಿಷದಲ್ಲಿ ತೋರಿಸಬಹುದು. ಓದುಗರು ದಯವಿಟ್ಟು ಈ ಲೆಕ್ಕವನ್ನು ಹಾರಿಸಿ ಓದಬಾರದು.

ವಿಮಾನ 500 ಅಡಿ ಎತ್ತರದಲ್ಲಿದೆ. ಎಂಜಿನ್ ಇಲ್ಲದೆ ತೇಲುವಾಗಿನ ಅದರ ಸೂಕ್ತ ವೇಗ ಸುಮಾರು 65 ನಾಟ್, ಅಂದರೆ ಗಂಟೆಗೆ 120 ಕಿಲೋಮೀಟರ್. ಆಗ ಅದು ನಿಮಿಷಕ್ಕೆ 700 ಅಡಿಗೂ ತುಸು ಹೆಚ್ಚಾಗಿ ಇಳಿಯುತ್ತಿರುತ್ತದೆ. ಪೈಲಟ್ ಜಾಗರೂಕತೆಯಿಂದ, ಸೆಕೆಂಡಿಗೆ 3 ಡಿಗ್ರಿಯಂತೆ ಮೆಲ್ಲಗೆ ತಿರುಗುತ್ತಾನೆಂದರೆ 180 ಡಿಗ್ರಿಗೆ ಒಂದು ನಿಮಿಷ ಬೇಕು. ಅಷ್ಟರಲ್ಲಿ ನೆಲ ಬಂದಾಗಿರುತ್ತದೆ. ಅದೂ ಅಲ್ಲದೆ ತಿರುವು ಎಂದರೆ ವೃತ್ತದ ಕಂಸ. 180 ಡಿಗ್ರಿ ತಿರುಗಿದ ವಿಮಾನ ರನ್‌ವೇಗೆ ಸಮಾನಾಂತರವಾಗಿ ಪಕ್ಕದಲ್ಲಿರುತ್ತದೆಯೇ ಹೊರತು ಅದರ ಮೇಲಲ್ಲ. ರನ್‌ವೇಗೆ ಬಂದು ಕೂಡಲು ಇನ್ನಷ್ಟು ತಿರುಗಿ, ಮತ್ತೆ ಎದುರು ದಿಕ್ಕಿಗೆ ತಿರುಗಿ ನೇರವಾಗಬೇಕು.

ಹಾಗಾದರೆ ಬೇಗ ತಿರುಗಲಿ ಎನ್ನಬಹುದು. ಬೇಗ ತಿರುಗಬೇಕಾದರೆ ರೆಕ್ಕೆಯನ್ನು ಹೆಚ್ಚು ವಾಲಿಸಬೇಕು. ವಾಲಿಸಿದಾಗ ರೆಕ್ಕೆಯ ಮೇಲೆತ್ತುವ ಬಲದ ಒಂದು ಪಾಲು ಕೇಂದ್ರಾಭಿಮುಖ ಬಲವಾಗಿ ಖರ್ಚಾಗುತ್ತದೆ. ತೂಕ ಹೊರಲು ಉಳಿಯುವುದು ಕಡಿಮೆ. 45 ಡಿಗ್ರಿ ವಾಲಿಸಿದರೆ ರೆಕ್ಕೆಗಳು ಹೊರಬೇಕಾದ ಹೊರೆ 1.41 ಪಟ್ಟು, 60 ಡಿಗ್ರಿ ವಾಲಿಸಿದರೆ ಎರಡು ಪಟ್ಟು. ಗಾಳಿ ರೆಕ್ಕೆಯನ್ನು ಕೈಬಿಡುವ ಕನಿಷ್ಠ ವೇಗ, ಅಂದರೆ 'ಸ್ಟಾಲ್' ವೇಗ, 45 ಡಿಗ್ರಿಯಲ್ಲಿ ಶೇಕಡಾ 19ರಷ್ಟು, 60 ಡಿಗ್ರಿಯಲ್ಲಿ ಶೇಕಡಾ 41ರಷ್ಟು ಏರುತ್ತದೆ. ಎಂಜಿನ್ ನಿಂತ ವಿಮಾನದ ವೇಗ ಮಾತ್ರ ಏರುವುದಿಲ್ಲ. ನೆಲ ಹತ್ತಿರವಾಗುತ್ತಿರುವುದನ್ನು ಕಂಡ ಪೈಲಟ್ ಅರಿವಿಲ್ಲದೆ ಮೂಗನ್ನು ಮೇಲಕ್ಕೆಳೆಯುತ್ತಾನೆ. ಅಲ್ಲಿಗೆ ಒಂದು ರೆಕ್ಕೆ ತಟ್ಟನೆ ಕುಸಿದು ವಿಮಾನ ಗಿರಕಿ ಹೊಡೆದು ತಲೆಕೆಳಗಾಗಿ ನೆಲಕ್ಕೆ ಬರುತ್ತದೆ. ಮೂರು ನಾಲ್ಕು ನೂರು ಅಡಿಯಲ್ಲಿ ಅದರಿಂದ ಚೇತರಿಸಿಕೊಳ್ಳಲು ಎಡೆಯೇ ಇಲ್ಲ.

ಗಾಳಿಯ ದಿಕ್ಕನ್ನೂ ಮರೆಯಬಾರದು. ವಿಮಾನ ಏರುವುದು ಎದುರುಗಾಳಿಗೆ. ಹಿಂದಿರುಗಿದರೆ ಅದೇ ಗಾಳಿ ಬೆನ್ನಿಗೆ ಬೀಳುತ್ತದೆ. ಇಳಿಯುವ ವೇಗ 50 ನಾಟ್, ಗಾಳಿ 10 ನಾಟ್ ಎಂದಿಟ್ಟುಕೊಂಡರೆ ಎದುರುಗಾಳಿಗೆ ನೆಲ ಮುಟ್ಟುವ ವೇಗ 40, ಬೆನ್ನುಗಾಳಿಗೆ 60. ಚಲನಶಕ್ತಿ ವೇಗದ ವರ್ಗಕ್ಕೆ ಅನುಲೋಮ. ಅಂದರೆ ಅಪ್ಪಳಿಸುವ ಶಕ್ತಿ ಎರಡೂಕಾಲು ಪಟ್ಟು!

ಆದ್ದರಿಂದಲೇ ಹಳೆಯ ಬೋಧಕರು ಕಲಿಸುತ್ತ ಬಂದದ್ದು ಇಷ್ಟು: ಎಂಜಿನ್ ನಿಂತ ಕ್ಷಣವೇ ಮೂಗು ತಗ್ಗಿಸು, ವೇಗ ಕಾಪಾಡು, ಎದುರಿಗೆ ಅಥವಾ ಎಡಬಲ ತುಸು ಓರೆಯಲ್ಲಿ ಕಾಣುವ ಬಯಲಿನಲ್ಲಿ ಇಳಿಸು. ವಿಮಾನ ಹಾಳಾಗಲಿ, ಒಳಗಿನವರು ಉಳಿಯಲಿ.

ಇದಕ್ಕೆ ಎದುರುವಾದವೂ ಉಂಟು. ಅಮೆರಿಕದ ನೌಕಾ ಅಕಾಡೆಮಿಯ ಪ್ರಾಧ್ಯಾಪಕ ಡೇವಿಡ್ ರೋಜರ್ಸ್ 1995ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಸಾಕಷ್ಟು ಎತ್ತರವಿದ್ದು, 45 ಡಿಗ್ರಿ ವಾಲಿಸಿ, ಸ್ಟಾಲ್ ವೇಗಕ್ಕೆ ತೀರ ಸಮೀಪದಲ್ಲಿ ಹಾರಿಸಿದರೆ ಈ ತಿರುವು ಸಾಧ್ಯವೆಂದು ಗಣಿತದಿಂದ ತೋರಿಸಿದರು. ಅಮೆರಿಕದ ವಿಮಾನಯಾನ ಆಡಳಿತವೂ 2018ರಲ್ಲಿ, ಯಾವಾಗ ಹಿಂದಿರುಗಬಹುದು, ಹೇಗೆ ಎಂಬುದನ್ನು ಶಿಷ್ಯರಿಗೆ ಮಾಡಿ ತೋರಿಸಿರೆಂದು ಬೋಧಕರಿಗೆ ಸಲಹೆ ನೀಡಿತು. ಗಣಿತ ಸರಿಯಾಗಿದೆ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಗಣಿತದಲ್ಲಿ ಪೈಲಟ್‌ಗೆ ಆಶ್ಚರ್ಯವೆಂಬುದೇ ಇಲ್ಲ. 2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಹಕ್ಕಿಗಳು ಬಡಿದು ಎರಡೂ ಎಂಜಿನ್ ನಿಂತ ದೊಡ್ಡ ವಿಮಾನವನ್ನು ಕ್ಯಾಪ್ಟನ್ ಸಲ್ಲೆನ್‌ಬರ್ಗರ್ ಹಡ್ಸನ್ ನದಿಯ ಮೇಲಿಳಿಸಿ ಒಳಗಿದ್ದ 155 ಜನರನ್ನೂ ಉಳಿಸಿದ ಸಂಗತಿ ಎಲ್ಲರಿಗೂ ಗೊತ್ತು. ತನಿಖೆಯ ವೇಳೆ ಅಣಕು ಯಂತ್ರದಲ್ಲಿ ಅದೇ ಸನ್ನಿವೇಶವನ್ನು ಪರೀಕ್ಷಿಸಿದಾಗ, ಏನಾಗಲಿದೆಯೆಂದು ಮೊದಲೇ ತಿಳಿದು ತಕ್ಷಣ ತಿರುಗಿದ ಪೈಲಟ್‌ಗಳಲ್ಲಿ ಕೆಲವರು ನಿಲ್ದಾಣ ಮುಟ್ಟಿದರು. ಮನುಷ್ಯ ಯೋಚಿಸಲು ಬೇಕಾಗುವ 35 ಸೆಕೆಂಡು ಸೇರಿಸಿದೊಡನೆ ಮುಟ್ಟಲಾಗಲಿಲ್ಲ. ಹತ್ತೊಂಬತ್ತು ವರ್ಷದ ಹುಡುಗನಿಗೆ ನಾನು ಹಳೆಯ ಪಾಠವನ್ನೇ ಹೇಳಿಕೊಡಿ ಎನ್ನುತ್ತೇನೆ.

ನಮ್ಮ ನಾಡಿನದೇ ನಿದರ್ಶನ ಬೇಕೆಂದರೆ ಬೆಳಗಾವಿಯದು. 2023ರ ಮೇ 30ರಂದು ಸಾಂಬ್ರಾ ನಿಲ್ದಾಣದಿಂದ ಹೊರಟ ತರಬೇತಿ ವಿಮಾನದ ಎಂಜಿನ್ ಕೈಕೊಟ್ಟಿತು. ವಿಮಾನವನ್ನು ಹೊನ್ನಿಹಾಳದ ಬಳಿಯ ಹೊಲವೊಂದರಲ್ಲಿ ಇಳಿಸಲಾಯಿತು. ಬೋಧಕ, ಶಿಷ್ಯ ಇಬ್ಬರೂ ಸಣ್ಣಪುಟ್ಟ ಗಾಯಗಳೊಂದಿಗೆ ಪಾರಾದರು. ಪತ್ರಿಕೆಗಳಲ್ಲಿ ಇದು ಒಂದು ದಿನದ ಸುದ್ದಿ. ಯಾರೂ ಸಾಯದ ಸುದ್ದಿಗೆ ಆಯುಸ್ಸು ಕಡಿಮೆ.

ಸತ್ತವರ ಸುದ್ದಿಯಾದರೆ ಇಪ್ಪತ್ತು ವರ್ಷವಾದರೂ ಮಾಸುವುದಿಲ್ಲ. 2004ರ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿನಿಂದ ಚುನಾವಣಾ ಪ್ರಚಾರಕ್ಕೆಂದು ಕರೀಂನಗರಕ್ಕೆ ಹೊರಟ ಸೆಸ್ನಾ 180 ವಿಮಾನ, ಏರಿದ ಕೆಲವೇ ಕ್ಷಣಗಳಲ್ಲಿ ರಸ್ತೆಯಾಚೆಯ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ಬಿದ್ದು ಉರಿಯಿತು. 'ದ್ವೀಪ' ಚಿತ್ರವನ್ನು ನಿರ್ಮಿಸಿ, ನಟಿಸಿ, ಕನ್ನಡಕ್ಕೆ ಸ್ವರ್ಣಕಮಲ ತಂದ ಸೌಂದರ್ಯ, ಅವರ ಅಣ್ಣ ಅಮರನಾಥ್ ಸೇರಿ ನಾಲ್ವರೂ ಮಡಿದರು. ಆಗ ನಮ್ಮ ಕಡೆಯ ಕಟ್ಟೆಗಳ ಮೇಲೆ, ಶಿಕ್ಷಕರ ಕೊಠಡಿಗಳಲ್ಲಿಯೂ ಕೂಡ, ನಡೆದ ಮಾತು ಗ್ರಹಗತಿಯದು, ಜಾತಕದ್ದು. ನೆಲ ಬಿಟ್ಟ ಮೊದಲ ನಿಮಿಷವೇ ಈ ಪುಟ್ಟ ವಿಮಾನಗಳಿಗೆ ಏಕೆ ಕಂಟಕ ಎಂಬ ಮಾತು ವಿಜ್ಞಾನ ಶಿಕ್ಷಕರ ನಡುವೆಯೂ ಬರಲಿಲ್ಲ. ನಟಿಯ ಮೇಲಿನ ಪ್ರೀತಿಯಲ್ಲಿ ಕೊರತೆಯಿರಲಿಲ್ಲ, ಕುತೂಹಲದಲ್ಲಿತ್ತು.

ಇತ್ತೀಚೆಗೆ ನಾನು ಬಸ್ಸಿನಲ್ಲಿ ಹೋಗುವಾಗ ನಮ್ಮ ತಾಲ್ಲೂಕುಗಳ ನೆಲವನ್ನು ಎಂಜಿನ್ ನಿಂತ ಪೈಲಟ್‌ನ ಕಣ್ಣಿನಿಂದ ನೋಡುವ ಅಭ್ಯಾಸ ಮಾಡಿಕೊಂಡಿದ್ದೇನೆ. (ನಿವೃತ್ತರಿಗೆ ಇಂಥ ಹವ್ಯಾಸಗಳು ತಾವಾಗಿ ಅಂಟಿಕೊಳ್ಳುತ್ತವೆ.) ಜಗಳೂರಿನ ಬಯಲುಸೀಮೆ ಅವನಿಗೆ ವರ. ಶೇಂಗಾ ಕಿತ್ತ ಹೊಲ, ಬಿತ್ತದೆ ಬಿಟ್ಟ ಬೀಡು ಭೂಮಿ, ಮೈಲುಗಟ್ಟಲೆ ನೋಟ. ನ್ಯಾಮತಿಯ ಮೆಕ್ಕೆಜೋಳ ಎದೆಯೆತ್ತರ ಬೆಳೆದಿದ್ದರೂ ದಂಟು ಮುರಿದು ವಿಮಾನದ ವೇಗ ಹೀರಿಕೊಳ್ಳಬಹುದು. ಹೊನ್ನಾಳಿಯ ತುಂಗಭದ್ರೆಯ ಬದಿಯ ಗದ್ದೆಗಳಲ್ಲಿ ಚಕ್ರ ಕೆಸರಿಗೆ ಹೂತು ವಿಮಾನ ಮಗುಚಬಹುದು, ಬೆಲ್ಟು ಕಟ್ಟಿಕೊಂಡವನು ಆದರೂ ಬದುಕಬಹುದು. ಚನ್ನಗಿರಿಯ ಅಡಿಕೆ ತೋಟ ಮಾತ್ರ ಕಣ್ಣಿಗೆ ಹಸಿರು ಹಾಸಿಗೆಯಂತೆ ಕಂಡರೂ ಕಂಬಗಳ ಸಾಲು. ಎಲ್ಲ ಕಡೆಯೂ ಕೊಳವೆಬಾವಿಗೆ ಎಳೆದ ವಿದ್ಯುತ್ ತಂತಿಗಳು. ಮೇಲಿನಿಂದ ನೋಡಿದರೆ ಕಂಬ ಕಾಣುತ್ತದೆ, ತಂತಿ ಕಾಣುವುದಿಲ್ಲ.

ಎದುರಿಗೆ ಬಯಲಿದ್ದರೆ ಸರಿ, ಬಯಲೇ ಇಲ್ಲದಿದ್ದರೆ? ಜಕ್ಕೂರಿನ ಹಾರಾಟ ಶಾಲೆ ಸ್ವಾತಂತ್ರ್ಯ ಬಂದ ಹೊಸತರಲ್ಲಿ ಆರಂಭವಾದಾಗ ಅದು ಊರ ಹೊರಗಿನ ಹೊಲಗಳ ನಡುವಿತ್ತು. ಈಗ ಸುತ್ತಲೂ ಊರೇ ಬೆಳೆದಿದೆ, ರನ್‌ವೇಯ ಪಶ್ಚಿಮದ ತುದಿಗೆ ಸಮೀಪದಲ್ಲೇ ಬಳ್ಳಾರಿ ರಸ್ತೆಯ ಮೇಲ್ಸೇತುವೆ ಹಾದಿದೆ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ನಡೆದದ್ದು ಬೇರೆ ಬಗೆಯ, ಬಹು ದೊಡ್ಡ ವಿಮಾನದ ಕಥೆ. ಆದರೂ ಅಲ್ಲಿ ರನ್‌ವೇಯ ಮುಂದಿದ್ದುದು ವೈದ್ಯಕೀಯ ಕಾಲೇಜಿನ ಹಾಸ್ಟೆಲು. ಸತ್ತ 260 ಮಂದಿಯಲ್ಲಿ 19 ಮಂದಿ ನೆಲದ ಮೇಲಿದ್ದವರು. ವಿಮಾನ ನಿಲ್ದಾಣ ಬಂತೆಂದರೆ ಅದರ ಸುತ್ತ ಬಡಾವಣೆ ಮಾಡಿ ನಿವೇಶನ ಮಾರುವುದು ನಮ್ಮಲ್ಲಿ ಅಭಿವೃದ್ಧಿಯ ಲಕ್ಷಣವೆನಿಸಿದೆ. ಸೋಗಾನೆಯಂಥ ಹೊಸ ನಿಲ್ದಾಣಗಳ ರನ್‌ವೇ ತುದಿಗಳ ಆಚೆಗೆ ಒಂದೆರಡು ಕಿಲೋಮೀಟರ್ ಉದ್ದಕ್ಕೆ ಬೇಸಾಯದ ಭೂಮಿಯನ್ನು ಬೇಸಾಯಕ್ಕೇ ಉಳಿಸುವಂತೆ ಸರ್ಕಾರ ಈಗಲೇ ಕಟ್ಟುನಿಟ್ಟು ಮಾಡಬೇಕು. ರೈತನಿಗೆ ಅದಕ್ಕಾಗಿ ಪರಿಹಾರ ಕೊಡಬೇಕಾಗಿ ಬಂದರೆ ಕೊಡಲಿ. ಬಡಾವಣೆ ಎದ್ದ ಮೇಲೆ ಅದನ್ನು ಕೀಳಲು ಯಾರಿಂದಲೂ ಆಗದು.

ಈಗ ಪಾಲಕರು ಕೇಳಬೇಕಾದ ಪ್ರಶ್ನೆಗೆ ಬರುತ್ತೇನೆ. ಬೆಳಗಾವಿಯಲ್ಲಿ ಹೊಲಕ್ಕಿಳಿದ ವಿಮಾನ ಯಾವ ತರಬೇತಿ ಸಂಸ್ಥೆಯದೋ, ಅದರ ಹಾರಾಟವನ್ನೆಲ್ಲ ಅದೇ ವರ್ಷದ ಅಕ್ಟೋಬರಿನಲ್ಲಿ, ಬಾರಾಮತಿಯಲ್ಲಿ ಮತ್ತೆರಡು ಅವಘಡಗಳಾದ ಮೇಲೆ, ಡಿ.ಜಿ.ಸಿ.ಎ. ತಾತ್ಕಾಲಿಕವಾಗಿ ನಿಲ್ಲಿಸಿತ್ತು. 2025ರಲ್ಲಿ ಡಿ.ಜಿ.ಸಿ.ಎ. ಹಾರಾಟ ಶಾಲೆಗಳಿಗೆ ಮೊದಲ ಬಾರಿ ದರ್ಜೆ ನೀಡಿದಾಗ ಎ ಪ್ಲಸ್ ಆಗಲಿ ಎ ಆಗಲಿ ಒಂದಕ್ಕೂ ಸಿಗಲಿಲ್ಲ. ನಮ್ಮ ಹಳ್ಳಿಯ ಶಾಲೆಯೊಂದರ ಎಸ್ಸೆಸ್ಸೆಲ್ಸಿ ಫಲಿತಾಂಶ ಕುಸಿದರೆ ಊರಿಗೆ ಊರೇ ಮುಖ್ಯೋಪಾಧ್ಯಾಯರನ್ನು ಹಿಡಿದು ಕೇಳುತ್ತದೆ. ಲಕ್ಷಗಟ್ಟಲೆ ಕಟ್ಟುವವರು ಕೇಳಬಾರದೇಕೆ? ಆ ದರ್ಜೆ ಪಟ್ಟಿ ಎಲ್ಲರಿಗೂ ಸಿಗುವಂಥದು, ತೆಗೆದು ನೋಡಿ. ಅನಂತರ ಶಾಲೆಗೆ ಹೋಗಿ, ಸಮವಸ್ತ್ರ, ಹಾಸ್ಟೆಲುಗಳನ್ನು ನೋಡಿದ ಮೇಲೆ, ಬೋಧಕರನ್ನೇ ಭೇಟಿಯಾಗಿ ಹೀಗೆ ಕೇಳಿ: "ಏರಿದ ಕೂಡಲೇ ಎಂಜಿನ್ ನಿಂತರೆ ಏನು ಮಾಡಬೇಕೆಂದು ನಮ್ಮ ಮಗು ಪ್ರತಿ ಹಾರಾಟಕ್ಕೆ ಮುಂಚೆ ಬಾಯಿಬಿಟ್ಟು ಹೇಳುತ್ತದೆಯೇ? ಅದನ್ನು ಎಷ್ಟು ಸಲ ಅಭ್ಯಾಸ ಮಾಡಿಸುತ್ತೀರಿ? ಈ ರನ್‌ವೇಯ ಎರಡೂ ತುದಿಗಳಲ್ಲಿ ಇಳಿಯಲು ಗೊತ್ತುಮಾಡಿರುವ ಹೊಲ ಯಾವುದು, ತೋರಿಸಿ."

ಹೊಲದ ಕಡೆಗೆ ಬೆರಳು ತೋರಿಸಬಲ್ಲ ಬೋಧಕ ಸಿಕ್ಕಿದರೆ ಮಗುವನ್ನು ಸೇರಿಸಿ ಬನ್ನಿ. ಅವರು ನಕ್ಕು ಮಾತು ಮರೆಸಿದರೆ, ಇನ್ನೊಂದು ಶಾಲೆಯ ವಿಳಾಸ ಕೈಯಲ್ಲಿರಲಿ.