ಆಸ್ಪತ್ರೆಯ ಸಮಾಜ ಕಾರ್ಯಕರ್ತರಿಗೆ ಮರುಕಲಿಕೆ ಏಕೆ ಬೇಕು?

ಐಸಿಯು ಬಾಗಿಲಲ್ಲಿ ನಿಂತ ಕುಟುಂಬಕ್ಕೆ ವೈದ್ಯರು ರೋಗಿಯ ಸ್ಥಿತಿ ಹೇಳುತ್ತಾರೆ. ಮುಂದೇನು, ಯಾವ ಕಾಗದ, ಯಾರ ಸಹಿ ಎಂದು ಕೂರಿಸಿಕೊಂಡು ವಿವರಿಸುವ ಹೊಣೆ ಹಲವೆಡೆ ವೈದ್ಯಕೀಯ ಸಮಾಜ ಕಾರ್ಯಕರ್ತರದು. ಅವರು ಎಂಎಸ್‌ಡಬ್ಲ್ಯೂ ಮುಗಿಸಿದ ಮೇಲೆ ಕಾನೂನು ಸುಮ್ಮನೆ ನಿಂತಿಲ್ಲ.

ಗುಣವಾಗುವ ಆಸೆಯಿಲ್ಲದಾಗ ಜೀವರಕ್ಷಕ ಯಂತ್ರಗಳು ಬೇಡವೆಂದು ಮೊದಲೇ ಬರೆದಿಡುವ ‘ಲಿವಿಂಗ್ ವಿಲ್’ ಅನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯ ಮಾಡಿತು. (ಇದನ್ನು ಸಲ್ಲೇಖನದೊಂದಿಗೆ ಬೆರೆಸಬಾರದು, ಆ ಪ್ರಕರಣವೇ ಬೇರೆ.) ಆಗ ಅದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರ ಜನವರಿಯಲ್ಲಿ ಆ ಷರತ್ತು ಹೋಯಿತು: ಇಬ್ಬರು ಸಾಕ್ಷಿಗಳು, ಜೊತೆಗೆ ನೋಟರಿ ಅಥವಾ ಪತ್ರಾಂಕಿತ ಅಧಿಕಾರಿಯ ದೃಢೀಕರಣ ಇದ್ದರೆ ಸಾಕು. ಇದರ ಜಾರಿಗೆ ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಹಳೆಯ ಪಾಠವನ್ನೇ ನೆಚ್ಚಿಕೊಂಡವರು ಇಂದಿಗೂ ಜನರನ್ನು ಕೋರ್ಟಿಗೆ ಅಲೆಸಿಯಾರು. ಅಷ್ಟರಲ್ಲಿ ರೋಗಿಯ ನೋವೂ ಆಸ್ಪತ್ರೆಯ ಬಿಲ್ಲೂ ಬೆಳೆಯುತ್ತವೆ.

ಆರೋಗ್ಯ ವೃತ್ತಿಗಳ 2021ರ ರಾಷ್ಟ್ರೀಯ ಆಯೋಗದ ಕಾಯ್ದೆ ಇವರನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ನೋಂದಣಿಯ ಜೊತೆಗೇ ಮರುತರಬೇತಿಯೂ ಕಡ್ಡಾಯವಾಗಬೇಕು. ಪ್ರಮಾಣಪತ್ರ ಹಂಚುವ ಸಮ್ಮೇಳನಗಳಿಂದ ಇದು ಆಗದು. ನಿಯಮ ಬದಲಾದ ತಿಂಗಳಲ್ಲೇ, ಕೆಲಸದ ವೇಳೆಯಲ್ಲೇ, ವಾರ್ಡಿನ ಪಕ್ಕದ ಕೋಣೆಯಲ್ಲಿ ಎರಡು ತಾಸಿನ ಪಾಠ ನಡೆಯಲಿ.