ಮೂಗಿಗಿಂತ ಮೂಗುತಿ ಭಾರವಾಗದಿರಲಿ



ರಾಜಾಜಿನಗರದ ತಾಯಿಯೊಬ್ಬರು ಕೇಳಿದ ಪ್ರಶ್ನೆಯೇ ಈ ತಿಂಗಳ ವಿಷಯ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದರೆ ಕಂಪ್ಯೂಟರ್ ಕೊಡಿಸುತ್ತೇನೆಂದು ಅವರು ಮಗನಿಗೆ ಮಾತು ಕೊಟ್ಟಿದ್ದರು. ಅಂಕ ಬಂತು. ಆದರೆ ಮಗ ಕೇಳುತ್ತಿರುವುದು ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಕಂಪ್ಯೂಟರನ್ನಲ್ಲ. ಬಿಡಿಭಾಗಗಳನ್ನು ತಂದು ಮನೆಯಲ್ಲೇ ಜೋಡಿಸಬೇಕಂತೆ, ಅದರಲ್ಲಿ ದೊಡ್ಡ ಆಟಗಳೂ ಓಡಬೇಕಂತೆ. ಪತಿಗೆ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಕೆಲಸ. ಮನೆಯವರು ಕೂಡಿಟ್ಟದ್ದು ಐವತ್ತು ಸಾವಿರ ರೂಪಾಯಿ, ಮಗ ಬರೆದುಕೊಟ್ಟ ಪಟ್ಟಿ ಎಪ್ಪತ್ತೆಂಟು ಸಾವಿರದ್ದು. ಉಳಿದ ಹಣಕ್ಕೆ ಕಂತು ಮಾಡಿಕೊಳ್ಳಬಹುದು ಎಂದು ಮಗನ ಸಲಹೆ. "ಓದಿಗೆ ಬೇಕು ಎನ್ನುತ್ತಾನೆ, ಆದರೆ ಪಟ್ಟಿ ತುಂಬ ಆಟದ ಸಾಮಾನು. ಕೊಡಿಸಲೋ ಬೇಡವೋ?" ಎಂಬುದು ತಾಯಿಯ ಪ್ರಶ್ನೆ.

ಮೊದಲು ಮಾತಿನ ವಿಷಯ. ಅಬ್ದುಲ್ಲಾ ಬಿನ್ ಆಮಿರ್(ರ) ಬಾಲಕರಾಗಿದ್ದಾಗಿನ ಒಂದು ಘಟನೆ ಅಬೂದಾವೂದ್ ಸಂಗ್ರಹದಲ್ಲಿದೆ. ಬಾ, ನಿನಗೆ ಒಂದು ವಸ್ತು ಕೊಡುತ್ತೇನೆ ಎಂದು ಅವರ ತಾಯಿ ಮಗುವನ್ನು ಕರೆದರು. ಮನೆಯಲ್ಲಿ ಕುಳಿತಿದ್ದ ಪ್ರವಾದಿವರ್ಯರು(ಸ) ಏನು ಕೊಡಲಿದ್ದೀರಿ ಎಂದು ಕೇಳಿದರು. ಖರ್ಜೂರ ಎಂದು ತಾಯಿ ಉತ್ತರಿಸಿದರು. ಏನೂ ಕೊಡದೆ ಹೋಗಿದ್ದರೆ ಅದು ನಿಮ್ಮ ಹೆಸರಿನಲ್ಲಿ ಒಂದು ಸುಳ್ಳೆಂದು ದಾಖಲಾಗುತ್ತಿತ್ತು ಎಂದು ಪ್ರವಾದಿವರ್ಯರು(ಸ) ತಿಳಿಸಿದರು. ಒಂದು ಖರ್ಜೂರದ ಮಾತಿಗೇ ಇಷ್ಟು ತೂಕವಿದ್ದರೆ, ವರ್ಷವಿಡೀ ಮಗನನ್ನು ಓದಿಸಿದ ಮಾತಿಗೆ ಎಷ್ಟು ತೂಕವಿರಬೇಕು? ಆದ್ದರಿಂದ ಕಂಪ್ಯೂಟರ್ ಕೊಡಿಸಲೇಬೇಕು.

ಆದರೆ ಸತ್ಯವು ತಾಯಿಯೊಬ್ಬಳ ಹೊಣೆಯಲ್ಲ. ಆಟಕ್ಕೆಂದು ಬೇಕಾದುದನ್ನು "ಓದಿಗೆ" ಎಂದು ಹೇಳಿ ಕೇಳುವುದು ಮಗನೂ ಬಿಡಬೇಕಾದ ಅಭ್ಯಾಸ. ಅದಕ್ಕೆ ದಾರಿ ಮಾಡಿಕೊಡುವವರು ಹಲವು ಸಲ ನಾವೇ. ಆಟ ಎಂಬ ಶಬ್ದ ಕೇಳಿದೊಡನೆ ಮುಖ ಗಂಟಿಕ್ಕುವ ಮನೆಯಲ್ಲಿ ಮಕ್ಕಳು ನಿಜ ಹೇಳುವುದಾದರೂ ಹೇಗೆ? ಪ್ರವಾದಿವರ್ಯರು(ಸ) ಹಝ್ರತ್ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ನಡೆಸಿದ್ದರು. ಅಬಿಸೀನಿಯದವರು ಮಸೀದಿಯಲ್ಲಿ ಈಟಿಯಾಟ ಆಡಿದಾಗ ಆಯಿಶಾ(ರ)ರಿಗೆ ಅದನ್ನು ನೋಡಲು ಅನುವು ಮಾಡಿಕೊಟ್ಟಿದ್ದರು. ಆಟವೇ ತಪ್ಪಲ್ಲ. ಜೂಜು, ಅಶ್ಲೀಲತೆ, ನಮಾಝ್ ಮತ್ತು ಕರ್ತವ್ಯದ ಮರೆವು ಇವು ತಪ್ಪು. ಹಾಗಾಗಿ ಮಗನನ್ನು ಕೂರಿಸಿಕೊಂಡು, "ಓದಿಗೆ ಎಷ್ಟು, ಆಟಕ್ಕೆ ಎಷ್ಟು? ಯಾವ ಆಟ?" ಎಂದು ನೇರವಾಗಿ ಕೇಳಿ. ಬರುವ ಉತ್ತರದ ಮೇಲೆಯೇ ಪಟ್ಟಿ ನಿಲ್ಲಬೇಕು.

ಇನ್ನು ಪಟ್ಟಿ. ಅದರಲ್ಲಿರುವ ಹೆಸರುಗಳಿಗೆ ಹೆದರಬೇಕಿಲ್ಲ. ಮದುವೆ ಊಟಕ್ಕೆ ಸಾಮಾನು ಬರೆಯುವ ನಮಗೆ ಇದು ಅರ್ಥವಾಗದ ಲೆಕ್ಕವಲ್ಲ. ಐವತ್ತು ಜನರ ಬಿರಿಯಾನಿಗೆ ನೂರು ಜನರ ಮಾಂಸ ತಂದು, ಅಕ್ಕಿಯನ್ನು ಮಾತ್ರ ಇಪ್ಪತ್ತು ಜನರಿಗೆ ಅಳೆದರೆ ಏನಾದೀತು? ಕಂಪ್ಯೂಟರಿನಲ್ಲೂ ಹಾಗೆಯೇ. ಒಂದು ಭಾಗ ಬಲವಾಗಿ, ಇನ್ನೊಂದು ದುರ್ಬಲವಾಗಿದ್ದರೆ ಬಲವಾದದ್ದಕ್ಕೆ ಕೊಟ್ಟ ಹಣ ವ್ಯರ್ಥ.

ಪ್ರೊಸೆಸರ್ ಎಂಬುದು ಲೆಕ್ಕ ಮಾಡುವ ಭಾಗ. ಗ್ರಾಫಿಕ್ಸ್ ಕಾರ್ಡ್ ಪರದೆಯ ಮೇಲಿನ ಚಿತ್ರವನ್ನು ಬಿಡಿಸುತ್ತದೆ. ಆಟದ ಕಂಪ್ಯೂಟರಿನಲ್ಲಿ ಅತಿ ದುಬಾರಿಯಾದ ಭಾಗ ಇದೇ. ಒಟ್ಟು ಹಣದ ಮೂರನೇ ಒಂದು ಪಾಲನ್ನು ಇದಕ್ಕೇ ಇಡುವುದು ಜೋಡಿಸುವವರ ರೂಢಿ. ರ‍್ಯಾಮ್ ಕೆಲಸ ಮಾಡುವಾಗ ಸಾಮಾನು ಹರಡಿಕೊಳ್ಳುವ ಕಟ್ಟೆಯಿದ್ದಂತೆ, ಎಸ್‌ಎಸ್‌ಡಿ ಎಲ್ಲವನ್ನೂ ತುಂಬಿಡುವ ಉಗ್ರಾಣದಂತೆ. ಮದರ್‌ಬೋರ್ಡ್ ಇವೆಲ್ಲವನ್ನೂ ಕೂಡಿಸುವ ಹಲಗೆ. ಎಸ್‌ಎಂಪಿಎಸ್ ಎಲ್ಲಕ್ಕೂ ವಿದ್ಯುತ್ ಹಂಚುವ ಪೆಟ್ಟಿಗೆ.

ಕಡಿಮೆ ಹಣದವರಿಗೆ ಒಂದು ಒಳ್ಳೆಯ ದಾರಿಯಿದೆ. ಗ್ರಾಫಿಕ್ಸನ್ನು ತನ್ನೊಳಗೇ ಇಟ್ಟುಕೊಂಡ ಪ್ರೊಸೆಸರುಗಳು ಸಿಗುತ್ತವೆ. 2021ರಲ್ಲಿ ಬಂದ ರೈಝೆನ್ 5 5600ಜಿ ಅಂಥದ್ದು. ಆರು ಕೋರ್‌ಗಳ ಈ ಪ್ರೊಸೆಸರ್ ಓದು, ಕೋಡಿಂಗ್, ವೀಡಿಯೊ ಪಾಠಗಳಿಗೆ ಧಾರಾಳ ಸಾಕು. ಮೈನ್‌ಕ್ರಾಫ್ಟ್‌ನಂತಹ ಆಟಗಳನ್ನೂ ಬೇರೆ ಕಾರ್ಡ್ ಇಲ್ಲದೆ ಓಡಿಸುತ್ತದೆ. ಹೊಸ, ಭಾರೀ ಆಟಗಳಿಗೆ ಇದು ಸಾಲದು ಎಂಬುದನ್ನು ಮಗನಿಗೆ ಮೊದಲೇ ಹೇಳಿಬಿಡಿ. ಮುಂದೆ ಹಣ ಕೂಡಿದಾಗ ಅದೇ ಹಲಗೆಗೆ ಗ್ರಾಫಿಕ್ಸ್ ಕಾರ್ಡ್ ಒಂದನ್ನು ಸಿಕ್ಕಿಸಿದರಾಯಿತು, ಉಳಿದದ್ದನ್ನು ಬದಲಿಸಬೇಕಿಲ್ಲ. ಮನೆಯಲ್ಲಿ ಜೋಡಿಸುವ ಕಂಪ್ಯೂಟರಿನ ನಿಜವಾದ ಲಾಭ ಇದು. ಮನೆಯನ್ನು ಒಂದೊಂದೇ ಕೋಣೆಯಾಗಿ ಕಟ್ಟಿಕೊಂಡ ಹಿರಿಯರ ಲೆಕ್ಕವೂ ಇದೇ ಆಗಿತ್ತು.

ಈ ದಾರಿ ಹಿಡಿಯುವವರು ಕೆಲವು ಸಂಗತಿಗಳನ್ನು ನೆನಪಿಡಬೇಕು. 16 ಜಿಬಿ ರ‍್ಯಾಮನ್ನು ಒಂದೇ ಪಟ್ಟಿಯಾಗಿ ಕೊಳ್ಳದೆ 8 ಜಿಬಿಯ ಎರಡು ಪಟ್ಟಿಗಳಾಗಿ ಕೊಳ್ಳಿ. ಒಳಗಿನ ಗ್ರಾಫಿಕ್ಸ್ ಈ ರ‍್ಯಾಮನ್ನೇ ಬಳಸುವುದರಿಂದ, ಎರಡು ದಾರಿಗಳಿದ್ದರೆ ಆಟದ ವೇಗದಲ್ಲಿ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸವಾಗುತ್ತದೆ. ಈ ಪ್ರೊಸೆಸರಿಗೆ ಡಿಡಿಆರ್4 ರ‍್ಯಾಮ್ ಬೇಕು. ಡಿಡಿಆರ್5 ಆ ಹಲಗೆಯಲ್ಲಿ ಕೂರುವುದೇ ಇಲ್ಲ. ಬಿ450 ಮಾದರಿಯ ಹಳೆಯ ದಾಸ್ತಾನಿನ ಮದರ್‌ಬೋರ್ಡ್ ಕೊಟ್ಟರೆ, ಬಯಾಸ್ ಅಪ್‌ಡೇಟ್ ಆಗಿದೆಯೇ ಎಂದು ಕೇಳಿ. ಆಗದಿದ್ದರೆ ಕಂಪ್ಯೂಟರ್ ಏಳುವುದಿಲ್ಲ. ಇಂಟೆಲ್ ಪ್ರೊಸೆಸರ್ ಕೊಳ್ಳುವುದಾದರೆ ಸಂಖ್ಯೆಯ ಕೊನೆಯ ಅಕ್ಷರ ನೋಡಿ. ಐ3 12100ಎಫ್ ಎಂಬುದರಲ್ಲಿ "ಎಫ್" ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲವೆಂದರ್ಥ. ಬೇರೆ ಕಾರ್ಡ್ ಇಲ್ಲದೆ ಪರದೆಯಲ್ಲಿ ಏನೂ ಕಾಣದು. ಆ ಒಂದು ಅಕ್ಷರಕ್ಕಾಗಿ ಬೆಲೆ ಕಡಿಮೆಯಿರುತ್ತದೆ, ಅಗ್ಗವೆಂದು ತಂದವರು ತಲೆಯ ಮೇಲೆ ಕೈಹೊತ್ತು ಕೂರುತ್ತಾರೆ.

ಉಳಿತಾಯ ಮಾಡಬಾರದ ಜಾಗ ಎಸ್‌ಎಂಪಿಎಸ್. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಪೆಟ್ಟಿಗೆಗಳ ಮೇಲೆ ಬರೆದಷ್ಟು ವ್ಯಾಟ್ ಒಳಗಿರುವುದು ಅಪರೂಪ. ಅದು ಕೆಟ್ಟರೆ ತಾನೊಂದೇ ಕೆಡದೆ ಜೊತೆಯವರನ್ನೂ ಸುಟ್ಟುಕೊಂಡು ಹೋಗಬಹುದು. "80 ಪ್ಲಸ್" ಗುರುತಿರುವ, ಹೆಸರಿರುವ ಕಂಪನಿಯ 550 ವ್ಯಾಟ್‌ನದ್ದನ್ನು ಈಗಲೇ ಕೊಂಡರೆ ಮುಂದೆ ಬರುವ ಕಾರ್ಡಿಗೂ ಸಾಕಾಗುತ್ತದೆ. ಉದಾಹರಣೆಗೆ ಆರ್‌ಎಕ್ಸ್ 6600 ಎಂಬ ಕಾರ್ಡ್ ಬೇಡುವುದು 132 ವ್ಯಾಟ್.

ಉಳಿತಾಯ ಮಾಡಬಹುದಾದ ಜಾಗಗಳೂ ಇವೆ. ಬಣ್ಣಬಣ್ಣದ ದೀಪ ಮಿನುಗುವ ರ‍್ಯಾಮ್, ಗಾಜಿನ ಕ್ಯಾಬಿನೆಟ್, ನೀರಿನಿಂದ ತಂಪು ಮಾಡುವ ಕೂಲರ್ ಇವು ಈ ಮಟ್ಟದ ಕಂಪ್ಯೂಟರಿಗೆ ಮೂಗಿಗಿಂತ ಭಾರವಾದ ಮೂಗುತಿಗಳು. ಪ್ರೊಸೆಸರ್ ಜೊತೆ ಡಬ್ಬಿಯಲ್ಲೇ ಬರುವ ಫ್ಯಾನ್ ಸಾಕು. ಮಾನಿಟರಿಗೆ ಹಣ ಸಾಲದಿದ್ದರೆ ಮೊದಲ ಕೆಲವು ತಿಂಗಳು ಮನೆಯ ಟಿವಿಗೆ ಎಚ್‌ಡಿಎಂಐ ತಂತಿ ಜೋಡಿಸಿಕೊಳ್ಳಬಹುದು. ಎಸ್‌ಎಸ್‌ಡಿ 500 ಜಿಬಿ ಇರಲಿ. ಕೆಲವು ದೊಡ್ಡ ಆಟಗಳು ಒಂದೊಂದೇ 100 ಜಿಬಿ ಮೀರುತ್ತವೆ. ಎಲ್ಲ ಆಟಗಳನ್ನೂ ಒಟ್ಟಿಗೆ ತುಂಬಿಡಲು ಜಾಗವಿಲ್ಲದಿರುವುದೂ ಒಂದು ರೀತಿಯಲ್ಲಿ ಒಳ್ಳೆಯದೇ!

ಬೆಂಗಳೂರಿನವರಿಗೆ ಇವೆಲ್ಲ ಸಿಗುವ ಜಾಗ ಎಸ್.ಪಿ. ರಸ್ತೆ, ಅಂದರೆ ಸಾದರ್ ಪತ್ರಪ್ಪ ರಸ್ತೆ. ರಾಜಾಜಿನಗರದಿಂದ ಹಸಿರು ಮಾರ್ಗದ ಮೆಟ್ರೋ ಹತ್ತಿ, ಮೆಜೆಸ್ಟಿಕ್ ದಾಟಿ ಚಿಕ್ಕಪೇಟೆಯಲ್ಲಿ ಇಳಿದರೆ ನಡೆದು ಹೋಗಬಹುದು. ಮಗನೊಂದಿಗೆ ತಾಯಿಯೂ ಹೋಗಿ. ಮೂರ‍್ನಾಲ್ಕು ಅಂಗಡಿಗಳಲ್ಲಿ ಬೆಲೆಯನ್ನು ಭಾಗವಾರು ಬರೆಸಿಕೊಂಡು ಮನೆಗೆ ಬಂದು ಹೋಲಿಸಿ. ಕಳೆದ ವರ್ಷದ ಬೆಲೆಯನ್ನು ನಂಬಿ ಹೋಗಬೇಡಿ. ಕೃತಕ ಬುದ್ಧಿಮತ್ತೆಯ ದೊಡ್ಡ ಕೇಂದ್ರಗಳಿಗೆ ಮೆಮೊರಿ ಚಿಪ್‌ಗಳ ಬೇಡಿಕೆ ಹೆಚ್ಚಿ, 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ವಿಪರೀತ ಏರಿತ್ತು. ಇಂಥ ಸಾಮಾನಿನ ಬೆಲೆ ಚಿನ್ನದಂತೆ, ಆ ದಿನದ್ದು ಆ ದಿನಕ್ಕೆ.

ಬಿಲ್ ಇಲ್ಲದೆ ಕೊಂಡರೆ ಕಡಿಮೆಗೆ ಕೊಡುತ್ತೇವೆ ಎಂಬ ಮಾತು ಕೆಲವೆಡೆ ಕೇಳಿಬರುತ್ತದೆ. ಈ ಸಾಮಾನುಗಳಿಗೆ ಜಿಎಸ್‌ಟಿ ನೂರಕ್ಕೆ ಹದಿನೆಂಟು. ಆಸೆ ಹುಟ್ಟುವುದು ಸಹಜ. ಆದರೆ ಅದು ಸರಕಾರಕ್ಕೆ ಮಾಡುವ ಮೋಸ, ನಮಗೆ ನಾವೇ ಮಾಡಿಕೊಳ್ಳುವ ನಷ್ಟವೂ ಹೌದು. ಭಾಗ ಕೆಟ್ಟಾಗ ವಾರಂಟಿ ಕೇಳಲು ಸೀರಿಯಲ್ ಸಂಖ್ಯೆ ಬರೆದ ಬಿಲ್ಲೇ ಬೇಕು.

ಹಳೆಯ ಸಾಮಾನು ಕೊಳ್ಳಬಹುದೇ? ಕೊಳ್ಳಬಹುದು, ಕಣ್ಣು ತೆರೆದುಕೊಂಡು. ಪ್ರವಾದಿವರ್ಯರು(ಸ) ಪೇಟೆಯಲ್ಲಿ ಧಾನ್ಯದ ರಾಶಿಯೊಂದರೊಳಗೆ ಕೈ ಹಾಕಿದಾಗ ಒಳಗೆ ಒದ್ದೆ ತಗಲಿದ್ದು, ಅದನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲವೆಂದು ಮಾರುವವನನ್ನು ಕೇಳಿದ್ದು ನಮಗೆಲ್ಲ ತಿಳಿದಿದೆ. ಹಳೆಯ ಗ್ರಾಫಿಕ್ಸ್ ಕಾರ್ಡುಗಳ ರಾಶಿಯಲ್ಲೂ ಅಂಥ ಒದ್ದೆ ಇರುತ್ತದೆ. ಈಥೀರಿಯಂ ಎಂಬ ಡಿಜಿಟಲ್ ನಾಣ್ಯದ "ಗಣಿಗಾರಿಕೆ"ಗೆ ಈ ಕಾರ್ಡುಗಳನ್ನು ಹಗಲಿರುಳು ದುಡಿಸುತ್ತಿದ್ದರು. 2022ರ ಸೆಪ್ಟೆಂಬರಿನಲ್ಲಿ ಆ ವಿಧಾನ ನಿಂತಾಗ ಅವೆಲ್ಲ ಒರೆಸಿಕೊಂಡು ಮಾರುಕಟ್ಟೆಗೆ ಬಂದವು. ಬೆಳ್ಳಗಿರುವುದೆಲ್ಲ ಹಾಲಲ್ಲ. ಅರ್ಧ ಗಂಟೆ ಆಟ ಓಡಿಸಿ ನೋಡದೆ, ಹಿಂದಿನ ಬಿಲ್ ಕೇಳದೆ ಹಳೆಯ ಕಾರ್ಡ್ ಕೊಳ್ಳಬೇಡಿ. ಎಸ್‌ಎಂಪಿಎಸ್, ಎಸ್‌ಎಸ್‌ಡಿ ಎರಡನ್ನಂತೂ ಹೊಸದನ್ನೇ ಕೊಳ್ಳಿ. ಕಚೇರಿಗಳಿಂದ ಬಂದ ಹಳೆಯ ಕಂಪ್ಯೂಟರುಗಳ ಬಗ್ಗೆಯೂ ಒಂದು ಮಾತು: ವಿಂಡೋಸ್ 10ಕ್ಕೆ ಕಂಪನಿಯ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್‌ನ ಎಂಟನೇ ಮತ್ತು ಅದರ ನಂತರದ ತಲೆಮಾರಿನ ಪ್ರೊಸೆಸರುಗಳನ್ನು. ಆರು, ಏಳನೇ ತಲೆಮಾರಿನವು ಅಗ್ಗವಾಗಿರಲು ಅದೂ ಒಂದು ಕಾರಣ.

ಕಂತಿನ ವಿಷಯಕ್ಕೆ ಬರೋಣ. ಬಡ್ಡಿಯಿಲ್ಲದ ಕಂತು ಎಂಬ ಫಲಕ ಎಲ್ಲೆಲ್ಲೂ ಇದೆ. ಶೂನ್ಯ ಬಡ್ಡಿ ಎಂಬುದು ಇಲ್ಲವೇ ಇಲ್ಲ, ಅದು ಶುಲ್ಕದ ಹೆಸರಿನಲ್ಲಿ ಅಡಗಿರುತ್ತದೆ ಎಂದು 2013ರಲ್ಲಿ ರಿಸರ್ವ್ ಬ್ಯಾಂಕೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಬಡ್ಡಿಯ ಬಗ್ಗೆ ಕುರ್‌ಆನ್‌ನ ಎಚ್ಚರಿಕೆ ಎಷ್ಟು ಕಠಿಣವೆಂದು ಓದುಗರಿಗೆ ಹೇಳಬೇಕಿಲ್ಲ. ಆಟದ ವಸ್ತುವಿಗಾಗಿ ಆ ಬಾಗಿಲು ತೆರೆಯುವುದು ಯಾವ ನ್ಯಾಯ? ಐವತ್ತು ಸಾವಿರಕ್ಕೆ ಎಷ್ಟು ಬರುತ್ತದೋ ಅಷ್ಟೇ ಮೊದಲ ಹಂತ. ಉಳಿದದ್ದು ಮುಂದಿನ ಈದ್‌ಗೋ, ಮಗನ ಕೈಗೆ ಬರುವ ಈದಿ ಹಣ ಕೂಡಿದಾಗಲೋ ಆಗಲಿ. ಕಾಯಲು ಕಲಿತ ಹುಡುಗನಿಗೆ ಆ ಕಾರ್ಡಿನ ಬೆಲೆ ಗೊತ್ತಿರುತ್ತದೆ.

ಕದ್ದ ಸಾಫ್ಟ್‌ವೇರ್, "ಕ್ರ್ಯಾಕ್" ಮಾಡಿದ ಆಟಗಳು ಬೇಡವೇ ಬೇಡ. ಅದು ಇನ್ನೊಬ್ಬರ ದುಡಿಮೆಯನ್ನು ಕೇಳದೆ ತೆಗೆದುಕೊಳ್ಳುವುದು. ವೈರಸ್ ಬರುವ ದಾರಿಯೂ ಅದೇ. ಹಣವಿಲ್ಲದಿದ್ದರೆ ಉಬುಂಟುವಿನಂತಹ ಲಿನಕ್ಸ್ ಉಚಿತವಾಗಿ ಸಿಗುತ್ತದೆ. ಅದರಲ್ಲಿಯೂ ಬಹಳಷ್ಟು ಆಟಗಳು ಓಡುತ್ತವೆ, ಎಲ್ಲವೂ ಅಲ್ಲ. ಹಣ ಕಟ್ಟಿ ಆಡುವ ಆಟಗಳನ್ನು ಹತ್ತಿರವೂ ಬಿಟ್ಟುಕೊಳ್ಳಬೇಡಿ. ಅವುಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಸೂರಃ ಅಲ್ ಮಾಇದಃದಲ್ಲಿ ಅಲ್ಲಾಹನು ಜೂಜನ್ನು ಮದ್ಯದ ಜೊತೆಗೇ ನಿಷೇಧಿಸಿ ಹದಿನಾಲ್ಕು ಶತಮಾನಗಳೇ ಕಳೆದಿವೆ.

ಜೋಡಿಸುವ ದಿನ ಮನೆಯ ಹೆಣ್ಣುಮಕ್ಕಳನ್ನೂ ಕರೆಯಿರಿ. ಬೇಕಾದದ್ದು ಒಂದು ಸ್ಕ್ರೂಡ್ರೈವರ್, ತಾಳ್ಮೆ, ಒಣಗಿದ ಕೈ ಅಷ್ಟೇ. ಅಣ್ಣ ಪ್ರೊಸೆಸರ್ ಕೂರಿಸಿದರೆ ತಂಗಿ ರ‍್ಯಾಮ್ ಕೂರಿಸಲಿ. ಲೇತಿನಲ್ಲಿ ಕೂದಲೆಳೆಯ ಅಳತೆ ನೋಡುವ ತಂದೆ ಪಕ್ಕದಲ್ಲಿ ಕುಳಿತರೆ ಮಕ್ಕಳಿಗೆ ಅಬ್ಬಾರ ಕಸುಬಿನ ಬಗ್ಗೆಯೂ ಗೌರವ ಮೂಡೀತು. ಆ ಕಂಪ್ಯೂಟರ್ ಮಗನ ಕೋಣೆಗೆ ಹೋಗದೆ, ಪರದೆ ಎಲ್ಲರಿಗೂ ಕಾಣುವಂತೆ ನಡುಮನೆಯಲ್ಲಿರಲಿ. ದಿನಕ್ಕೆ ಆಟ ಎಷ್ಟು ಹೊತ್ತು, ಯಾವ ನಮಾಝಿನ ಹೊತ್ತಿಗೆ ಅದು ನಿಲ್ಲಬೇಕು ಎಂಬುದನ್ನು ಸ್ವಿಚ್ ಒತ್ತುವ ಮೊದಲೇ ಮಾತಾಡಿ ತೀರ್ಮಾನಿಸಿ.

ಸಂಪತ್ತನ್ನು ಹೇಗೆ ಗಳಿಸಿದೆ, ಎಲ್ಲಿ ಖರ್ಚು ಮಾಡಿದೆ ಎಂಬ ಪ್ರಶ್ನೆ ನಾಳೆ ಪ್ರತಿಯೊಬ್ಬರಿಗೂ ಇದೆ. ಎಪ್ಪತ್ತೆಂಟು ಸಾವಿರದ ಪಟ್ಟಿಯನ್ನು ಮಗನ ಕೈಯಿಂದಲೇ ಐವತ್ತಕ್ಕೆ ಇಳಿಸಿ ಬರೆಸಿ. ಯಾವುದನ್ನು ಉಳಿಸಿದೆ, ಯಾವುದನ್ನು ಬಿಟ್ಟೆ, ಏಕೆ ಎಂದು ಅವನೇ ನಿಮಗೆ ವಿವರಿಸಲಿ. ಆ ಉತ್ತರ ಕೊಡಲು ಕಲಿತವನು ಮುಂದೆ ಎಷ್ಟೋ ದೊಡ್ಡ ಲೆಕ್ಕಗಳನ್ನು ಒಪ್ಪಿಸಬಲ್ಲ. ಅಲ್ಲಾಹನು ನಮ್ಮ ಮಕ್ಕಳ ಸಮಯದಲ್ಲೂ ನಮ್ಮ ಸಂಪಾದನೆಯಲ್ಲೂ ಬರಕತ್ ನೀಡಲಿ. ಆಮೀನ್.