ಅಂತರಾ ಪಡೆದವರ ರಕ್ತಸ್ರಾವ: ಮಾತ್ರೆ ಕೊಡಬೇಕೇ, ಕಾಯಬೇಕೇ?

ಪರ
(ತಾಲ್ಲೂಕು ಆಸ್ಪತ್ರೆಯ ಸ್ತ್ರೀರೋಗ ತಜ್ಞೆ)

"ಸ್ವಲ್ಪ ದಿನ ತಡ್ಕೋಮ್ಮ, ತಾನಾಗೇ ನಿಲ್ಲುತ್ತೆ." ಬಸಿರು ತಡೆಯುವ ಚುಚ್ಚುಮದ್ದಾದ ಅಂತರಾ ಚುಚ್ಚಿಸಿಕೊಂಡವಳು ಮುಟ್ಟು ನಿಲ್ಲುತ್ತಲೇ ಇಲ್ಲ ಎಂದು ಬಂದರೆ ಎಷ್ಟೋ ಕಡೆ ಸಿಗುವುದು ಇಷ್ಟೇ. ಇದು ಚಿಕಿತ್ಸೆಯಲ್ಲ.

ನುಂಗುವ ಮಾತ್ರೆ ಒಗ್ಗದಿದ್ದರೆ ನಾಳೆಯೇ ಬಿಡಬಹುದು, ವಂಕಿಯನ್ನು (ಕಾಪರ್-ಟಿ) ತೆಗೆಸಬಹುದು. ಅಂತರಾ ಹಾಗಲ್ಲ. 150 ಮಿಲಿಗ್ರಾಂ ಔಷಧ ಒಮ್ಮೆ ಮೈಗೆ ಸೇರಿತೆಂದರೆ ಮೂರು ತಿಂಗಳು ಅದರ ಕೆಲಸ ನಡೆದೇ ತೀರುತ್ತದೆ. ಹೊರತೆಗೆಯುವ ದಾರಿಯೇ ಇಲ್ಲ. 2017ರಿಂದ ಸರ್ಕಾರಿ ಕಾರ್ಯಕ್ರಮದಲ್ಲಿ ಇದನ್ನು ಉಚಿತವಾಗಿ ಕೊಡುತ್ತಿರುವವರು ನಾವು. ಆ ಮೂರು ತಿಂಗಳ ಹೊಣೆಯೂ ನಮ್ಮದೇ. ದಿನ ಬಿಟ್ಟು ದಿನ ಕಲೆ ಕಾಣುವವಳು ದೇವರ ಮನೆಗೆ ಹೋಗುವಂತಿಲ್ಲ, ಕೆಲವು ಮನೆಗಳಲ್ಲಿ ಒಲೆ ಮುಟ್ಟುವಂತಿಲ್ಲ. ಗಂಡನಿಗೆ ಗೊತ್ತಿಲ್ಲದಂತೆ ಚುಚ್ಚಿಸಿಕೊಂಡಿದ್ದರೆ ಗುಟ್ಟೂ ಉಳಿಯದು. ಅವಳು ಮುಂದಿನ ಡೋಸಿಗೆ ಬರುವುದಿಲ್ಲ, ಬೇಡದ ಬಸಿರು ಹೊತ್ತು ಬರುತ್ತಾಳೆ.

ಮದ್ದು ದೂರದಲ್ಲೇನೂ ಇಲ್ಲ. ಮೆಫೆನಾಮಿಕ್ ಆಸಿಡ್ 500 ಮಿಲಿಗ್ರಾಂ, ಊಟದ ನಂತರ ದಿನಕ್ಕೆರಡು ಬಾರಿ, ಐದು ದಿನ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇದ್ದವರಿಗೆ ಬೇಡ. ಅದಕ್ಕೂ ಜಗ್ಗದೆ ಹೆಚ್ಚು ಹೋಗುತ್ತಿದ್ದರೆ, ಈಸ್ಟ್ರೋಜನ್ ಒಗ್ಗುವವರಿಗೆ ಆ ಹಾರ್ಮೋನು ಇರುವ ಮಾಲಾ-ಎನ್‌ನಂಥ ಗರ್ಭನಿರೋಧಕ ಮಾತ್ರೆಯನ್ನು ಕೆಲವು ವಾರ ಕೊಡಬಹುದು. ಅಂತರಾದಲ್ಲಿರುವಂತೆ ಪ್ರೊಜೆಸ್ಟಿನ್ ಹಾರ್ಮೋನು ಒಂದೇ ಇದ್ದಾಗ ಗರ್ಭಕೋಶದ ಒಳಪದರ ತೆಳುವಾಗಿ ಅಲ್ಲಲ್ಲಿ ಒಸರುತ್ತದೆ. ಈಸ್ಟ್ರೋಜನ್ ಅದಕ್ಕೆ ಬಲ ಕೊಡುತ್ತದೆ.

ಮಾತ್ರೆ ಬಿಟ್ಟರೆ ಮತ್ತೆ ಶುರುವಾಗುತ್ತದೆ ಎನ್ನುತ್ತಾರೆ. ಆಗಲಿ ಬಿಡಿ. ರಾಜ್ಯದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತಿರುವಾಗ, ನಿಂತ ಹತ್ತು ದಿನವೂ ಲಾಭವೇ. ಮುಂದುವರಿಸಬೇಕೋ ಬೇಡವೋ ಎಂದು ಅವಳು ನೆಮ್ಮದಿಯಿಂದ ಯೋಚಿಸಲೂ ಆ ಹತ್ತು ದಿನ ಬೇಕು.

ವಿರೋಧ
(ಸಮುದಾಯ ವೈದ್ಯಶಾಸ್ತ್ರದ ಬೋಧಕ)

ಮೊದಲನೆಯದಾಗಿ, ಮುಟ್ಟಿನ ಏರುಪೇರು ಮೊದಲ ಕೆಲವು ತಿಂಗಳಲ್ಲೇ ಹೆಚ್ಚು. ವರ್ಷ ತುಂಬುವ ಹೊತ್ತಿಗೆ ಸುಮಾರು ಅರ್ಧದಷ್ಟು ಮಂದಿಗೆ ಮುಟ್ಟೇ ನಿಂತಿರುತ್ತದೆ.

ಎರಡನೆಯದಾಗಿ, ಅಂತರಾ ಆರಿಸಿಕೊಂಡವರಲ್ಲಿ ಹಾಲೂಡಿಸುವ ತಾಯಂದಿರೂ ಈಸ್ಟ್ರೋಜನ್ ಒಗ್ಗದವರೂ ಇದ್ದಾರೆ. ಎಲ್ಲರಿಗೂ ಒಂದೇ ಚೀಟಿ ಬರೆಯುವುದು ಅಪಾಯ.

ಮೂರನೆಯದಾಗಿ, ಬಸಿರು, ಸೋಂಕು, ಗರ್ಭಕೋಶದ ಗಡ್ಡೆ, ಗರ್ಭಕಂಠದ ಕಾಯಿಲೆಗಳಿಂದಲೂ ರಕ್ತ ಹೋಗಬಹುದು. ಪರೀಕ್ಷಿಸದೆ ಮಾತ್ರೆ ಕೊಟ್ಟರೆ ಅವು ಮರೆಯಾಗುತ್ತವೆ.

ನಾಲ್ಕನೆಯದಾಗಿ, ಹೀಗಾಗಬಹುದೆಂದು ಚುಚ್ಚುವ ಮೊದಲೇ ಬಿಡಿಸಿ ಹೇಳಿದರೆ ಹೆದರಿ ಬಿಡುವವರು ಕಡಿಮೆ. ಆಪ್ತಸಮಾಲೋಚನೆಯೇ ಮೊದಲ ಚಿಕಿತ್ಸೆ. ಆದರೆ ಲಸಿಕೆ ದಿನದ ನೂಕುನುಗ್ಗಲಿನಲ್ಲಿ ಅದಕ್ಕೆ ಸಿಗುವುದು ಒಂದೆರಡು ನಿಮಿಷ ಎಂಬುದು ನಿಜ. ಅಲ್ಲಿ ಹೇಳದೇ ಉಳಿದದ್ದಕ್ಕೆ ಹೆಂಗಸು ಬೆಲೆ ತೆರಬಾರದು. ಪರೀಕ್ಷೆಯಲ್ಲಿ ಬೇರೇನೂ ಕಾಣದೆ, ಎಂಟು ದಿನ ಮೀರಿಯೂ ರಕ್ತ ಹೋಗುತ್ತಿದ್ದರೆ, ಅವಳು ಕೇಳಿದರೆ ಮಾತ್ರೆ ಕೊಡಿ. ಹಿಮೋಗ್ಲೋಬಿನ್ ನೋಡಿ, ಕಬ್ಬಿಣಾಂಶದ ಮಾತ್ರೆಯನ್ನೂ ಜೊತೆಗೆ ಕೊಟ್ಟು ಕಳಿಸಿ.